ಜನವರಿ 26 ಮತ್ತು ಒಂದು ಭಾನುವಾರ

ಪ್ರತಿ ವರ್ಷ ಜನವರಿ 26ರ ಬೆಳಿಗ್ಗೆ, ನಾನು ಹಲ್ಲುಜ್ಜುವ ಮೊದಲೇ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೈಲಹೊಂಗಲದ ಕಾಕಾನ ಮೆಸೇಜ್ ಬಂದು ಕೂತಿರುತ್ತದೆ. ಸಂಗೊಳ್ಳಿ ರಾಯಣ್ಣನ ಚಿತ್ರ, ಹಿಂದೆ ತ್ರಿವರ್ಣ ಧ್ವಜ. ಕೆಳಗೆ ಪ್ರತಿ ಸಲ ಅದೇ ಮಾತು: ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26, ಇದು ದೇವರ ಲೆಕ್ಕ ಅಲ್ಲದೆ ಮತ್ತೇನು?

ಕಾಕಾ ಹೇಳುವುದು ಸುಳ್ಳಲ್ಲ. 1831ರ ಜನವರಿ 26ರಂದು ಕಂಪನಿ ಸರ್ಕಾರ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿತು. ಕಿತ್ತೂರಿನ ಚೆನ್ನಮ್ಮ ಸೆರೆಯಲ್ಲೇ ತೀರಿಕೊಂಡು ಆಗ ಸುಮಾರು ಎರಡು ವರ್ಷ. ಜಮೀನು ಕಳೆದುಕೊಂಡ ಜನರನ್ನು ಕಟ್ಟಿಕೊಂಡು, ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟು ಓಡಾಡಿದವನನ್ನು ಕೊನೆಗೆ ನಮ್ಮವರೇ ಹಿಡಿದುಕೊಟ್ಟರು. (ಆ ಭಾಗ ಮಾತ್ರ ಕಾಕಾನ ಮೆಸೇಜಿನಲ್ಲಿ ಯಾವತ್ತೂ ಇರುವುದಿಲ್ಲ.) ಹುಟ್ಟಿದ ದಿನ ಆಗಸ್ಟ್ 15 ಅಂತ ರೂಢಿ, ಸರ್ಕಾರವೂ ಅವತ್ತೇ ಜಯಂತಿ ಮಾಡುತ್ತದೆ. ಇಸವಿ ಮಾತ್ರ ಕೆಲವರು 1796 ಅಂತಾರೆ, ಕೆಲವರು 1798 ಅಂತಾರೆ.

ನನ್ನ ತಕರಾರು ಇರುವುದು ಆ ದೇವರ ಲೆಕ್ಕದ ಬಗ್ಗೆ. ಯಾಕೆಂದರೆ ಜನವರಿ 26 ನಮ್ಮ ದೇಶದ ದೊಡ್ಡ ದಿನ ಆದದ್ದು ಹೇಗೆ ಅಂತ ನೋಡಿದರೆ ಕಾರಣ ತೀರಾ ಸರಳ: ಅವತ್ತು ಭಾನುವಾರ.

1929ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ, ನೆಹರೂ ಅಧ್ಯಕ್ಷರು. ಪೂರ್ಣ ಸ್ವರಾಜ್ಯವೇ ಬೇಕು, ಅರ್ಧಂಬರ್ಧ ಬೇಡ ಅಂತ ತೀರ್ಮಾನವಾಯಿತು. ವರ್ಷದ ಕೊನೆಯ ರಾತ್ರಿ ರಾವಿ ನದಿಯ ದಡದಲ್ಲಿ ಬಾವುಟ ಹಾರಿಸಿದರು. ಇನ್ನು ದೇಶದ ಜನರೆಲ್ಲ ಒಂದೇ ದಿನ ಸೇರಿ ಪ್ರತಿಜ್ಞೆ ಓದಬೇಕಲ್ಲ, ಅದಕ್ಕೆ ಜನವರಿಯ ಕೊನೆಯ ಭಾನುವಾರವನ್ನು ಗೊತ್ತು ಮಾಡಿದರು. 1930ರಲ್ಲಿ ಅದು 26ನೇ ತಾರೀಖಿಗೆ ಬಿತ್ತು, ಅಷ್ಟೇ. ಭಾನುವಾರ ಒಂದು ದಿನ ಹಿಂದೆ ಬಿದ್ದಿದ್ದರೆ ನಾವೆಲ್ಲ ಇವತ್ತು ಜನವರಿ 25ಕ್ಕೆ ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಲಾಡುಗಾಗಿ ಸಾಲಿನಲ್ಲಿ ನಿಲ್ಲುತ್ತಿದ್ದೆವು.

ಮುಂದೆ 1947ರವರೆಗೂ ನಮ್ಮವರ ಸ್ವಾತಂತ್ರ್ಯ ದಿನ ಅಂದರೆ ಜನವರಿ 26. ಆದರೆ ಸ್ವಾತಂತ್ರ್ಯ ನಿಜವಾಗಿ ಬಂದದ್ದು ಆಗಸ್ಟ್ 15ಕ್ಕೆ. ಆ ದಿನ ಆರಿಸಿದ್ದು ಮೌಂಟ್‌ಬ್ಯಾಟನ್. ಯುದ್ಧದಲ್ಲಿ ಅವರು ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥರು, ಜಪಾನ್ ಶರಣಾದದ್ದು 1945ರ ಆಗಸ್ಟ್ 15, ಅದರ ಎರಡನೇ ವರ್ಷದ ದಿನ ಅಂತಲೇ ಇಟ್ಟೆ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಅಂದರೆ ನಮ್ಮ ಬಿಡುಗಡೆಯ ದಿನದ ಕೆಳಗೆ ಅವರ ಗೆಲುವಿನ ದಿನ ಇದೆ! ಕೊರಿಯಾದವರಿಗೂ ಅದೇ ಆಗಸ್ಟ್ 15 ಬಿಡುಗಡೆಯ ದಿನ, ಅದೇ 1945ರ ಲೆಕ್ಕದಲ್ಲಿ.

ಹೀಗೆ ಜನವರಿ 26 ಕೆಲಸ ಕಳೆದುಕೊಂಡ ತಾರೀಖಾಯಿತು. ಅದಕ್ಕೆ ಹೊಸ ಕೆಲಸ ಕೊಡಬೇಕು ಅಂತಲೇ, 1949ರ ನವೆಂಬರ್ 26ಕ್ಕೆ ಅಂಗೀಕಾರವಾದ ಸಂವಿಧಾನವನ್ನು ಸರಿಯಾಗಿ ಎರಡು ತಿಂಗಳು ಕಾಯಿಸಿ, 1950ರ ಜನವರಿ 26ಕ್ಕೆ ಪೂರ್ತಿ ಜಾರಿಗೆ ತಂದರು. ಲಾಹೋರಿನ ಆ ಭಾನುವಾರವನ್ನು ಮರೆಯದೆ ಇಟ್ಟುಕೊಂಡದ್ದು ನನಗೆ ಬಹಳ ಇಷ್ಟ.

ಆದರೆ ಆ ತಾರೀಖು ಒಂದು ಗಡಿಯಾರವನ್ನೂ ಶುರು ಮಾಡಿತು. ಸಂವಿಧಾನ ಜಾರಿಯಾಗಿ 15 ವರ್ಷ ಇಂಗ್ಲಿಷ್ ನಡೆಯಲಿ, ಆಮೇಲೆ ಹಿಂದಿ ಅಂತ ಬರೆದಿತ್ತಲ್ಲ, ಆ ಗಡುವು ಮುಗಿದದ್ದು 1965ರ ಜನವರಿ 26ಕ್ಕೆ. ಇಂಗ್ಲಿಷ್ ಮುಂದುವರಿಯಬಹುದು ಅಂತ 1963ರಲ್ಲೇ ಕಾನೂನು ಬಂದಿದ್ದರೂ ತಮಿಳರಿಗೆ ನಂಬಿಕೆ ಬರಲಿಲ್ಲ. ಅಣ್ಣಾದುರೈ ಪಕ್ಷ ಆ ಗಣರಾಜ್ಯೋತ್ಸವವನ್ನು ಶೋಕದಿನ ಅಂತ ಕರೆಯಿತು, ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಎರಡು ಜನವರಿ 26 ಒಂದರ ಮೇಲೊಂದು ಬಿದ್ದದ್ದು ಇಲ್ಲಿ ಕಾಕತಾಳೀಯವೂ ಅಲ್ಲ, ಯಾರೋ ಆರಿಸಿದ್ದೂ ಅಲ್ಲ, ಬರೀ ಕೂಡಿಸಿದ ಲೆಕ್ಕ.

ನಿಜವಾದ ಕಾಕತಾಳೀಯ ಬೇಕಾದರೆ ಸಿಡ್ನಿಯಲ್ಲಿರುವ ನನ್ನ ತಂಗಿಯನ್ನು ಕೇಳಿ. 1788ರ ಜನವರಿ 26ರಂದು ಆರ್ಥರ್ ಫಿಲಿಪ್ ಅಲ್ಲಿಗೆ ಬಂದು ಬ್ರಿಟಿಷ್ ಬಾವುಟ ನೆಟ್ಟ. ಅದಕ್ಕೇ ಆಸ್ಟ್ರೇಲಿಯಾದಲ್ಲಿ ಅವತ್ತು ರಾಷ್ಟ್ರೀಯ ರಜೆ. ಬ್ರಿಟಿಷರ ಬಾವುಟ ಇಳಿಸಿದ್ದಕ್ಕೆ ಇಲ್ಲಿ ಹಬ್ಬ, ಏರಿಸಿದ್ದಕ್ಕೆ ಅಲ್ಲಿ ಹಬ್ಬ! ಅಲ್ಲಿನ ಮೂಲನಿವಾಸಿಗಳು ಇದನ್ನು ಒಪ್ಪಿಲ್ಲ, 150 ವರ್ಷ ತುಂಬಿದಾಗ, 1938ರಲ್ಲಿ, ಅದನ್ನು ಶೋಕದಿನವಾಗಿ ಆಚರಿಸಿದರು. ಎರಡು ದೇಶ, ಅದೇ ತಾರೀಖು, ಶೋಕದಿನ ಎಂಬ ಅದೇ ಹೆಸರು.

ಇನ್ನು 2001. ಅವತ್ತು ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಕಛ್‌ನಲ್ಲಿ ಭೂಮಿ ನಡುಗಿತು, ಸುಮಾರು 20 ಸಾವಿರ ಜನ ಸತ್ತರು. ಅಂಜಾರ್ ಊರಿನಲ್ಲಿ ಶಾಲೆಯ ಮಕ್ಕಳು ಬಾವುಟ ಹಿಡಿದು ಇಕ್ಕಟ್ಟಾದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದರು, ಎರಡೂ ಕಡೆಯ ಮನೆಗಳು ಅವರ ಮೇಲೆ ಕುಸಿದವು. 180ಕ್ಕೂ ಹೆಚ್ಚು ಮಕ್ಕಳು ಹೋದರು. ಬೇರೆ ಯಾವ ದಿನವಾಗಿದ್ದರೂ ಅವರು ಆ ಬೀದಿಯಲ್ಲಿ ಸಾಲಾಗಿ ನಡೆಯುತ್ತಿರಲಿಲ್ಲ. ಇದನ್ನು ದೇವರ ಲೆಕ್ಕ ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ಹಾಗಿರುವಾಗ ರಾಯಣ್ಣನದ್ದನ್ನು ಮಾತ್ರ ಹೇಗೆ ಅನ್ನಲಿ?

ಈ ಸಲ ಇದನ್ನೆಲ್ಲ ಸ್ವಲ್ಪ ಚಿಕ್ಕದು ಮಾಡಿ ಗುಂಪಿಗೆ ಹಾಕಿದೆ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಾಕಾ ನಂದಗಡದ ಫೋಟೋ ಕಳಿಸಿದರು: ಆಲದ ಮರ, ಅದಕ್ಕೆ ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳು. ಜೊತೆಗೆ, "ರಾಯಣ್ಣ ಹೋಗಿ 2031ಕ್ಕ 200 ವರ್ಷ ಆಗ್ತಾವ. ಅವತ್ತ ಯಾವ ವಾರ ನೋಡಿ ಹೇಳು."

ಕ್ಯಾಲೆಂಡರ್ ತೆಗೆದು ನೋಡಿದೆ. ಭಾನುವಾರ.