ಸೈನ್ ಸ್ಕ್ವೇರ್ ಅರ್ಧ

ಮೇ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಎಮ್-ಟು ಪೇಪರ್ ಮುಗಿಸಿ ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು. ಮುಂಬೈಯಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಎಮ್-ಟು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಮೊದಲ ವರ್ಷದ ಎರಡನೇ ಸೆಮಿಸ್ಟರಿನ ಗಣಿತ. ಬೀಟಾ-ಗಾಮಾ, ಡಿಯುಐಎಸ್, ಡಬಲ್ ಇಂಟೆಗ್ರಲ್, ಡಿಫರೆನ್ಷಿಯಲ್ ಈಕ್ವೇಷನ್, ಎಲ್ಲ ಒಂದೇ ಪೇಪರಿನಲ್ಲಿ. ಆಗ ನಮಗೆ 80 ಮಾರ್ಕ್ಸಿನ ಪೇಪರ್, ಮೂರು ಗಂಟೆ, ಪಾಸಾಗಲು 32. ಕಮ್ಮಿ ಬಂದರೆ ಕೇಟಿ. ಮುಂದಿನ ಸೆಮಿಸ್ಟರಿನ ಓದಿನ ಜೊತೆಗೆ ಹಳೆಯದನ್ನೂ ಹೊತ್ತುಕೊಂಡು ಮತ್ತೆ ಬರೆಯಬೇಕು.

ಆ ವರ್ಷದ ಪೇಪರ್ ನಿಜಕ್ಕೂ ಕಷ್ಟವಿತ್ತು. ಕಾರಿಡಾರಿನಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಿಂದಿ, ಮರಾಠಿ, ಗುಜರಾತಿ, ಎಲ್ಲ ಭಾಷೆಯಲ್ಲೂ ಒಂದೇ ಪ್ರಶ್ನೆ, ಮೆಲ್ಲಗೆ: ನಿನಗೆ ಎಷ್ಟು ಬಂತು?

ನಾವು ಮೂವರು ಕನ್ನಡದವರು. ನಾನು ಡೊಂಬಿವಲಿಯವನು. ಒಬ್ಬಳು ಮುಲುಂಡ್‌ನವಳು. ಇನ್ನೊಬ್ಬ ಕಾರ್ಕಳದ ಹುಡುಗ, ಹತ್ತನೇ ಕ್ಲಾಸ್ ಮುಗಿಸಿ ಊರಿಂದ ಬಂದು ಅಂಧೇರಿಯಲ್ಲಿ ಮಾವನ ಮನೆಯಲ್ಲಿದ್ದ. ಪೇಪರ್ ಮುಗಿದರೆ ಕಿಂಗ್ಸ್ ಸರ್ಕಲ್ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ ಕೂರುವುದು ನಮ್ಮ ರೂಢಿ. ಅವತ್ತೂ ಹೋದೆವು. ಕ್ಲಾಸಿನ ಇನ್ನೂ ನಾಲ್ಕೈದು ಜನ ಬಂದು ಸೇರಿದರು. ಎರಡು ಮೇಜು ಜೋಡಿಸಿ ಪ್ರಶ್ನೆಪತ್ರಿಕೆಯನ್ನು ಮಧ್ಯದಲ್ಲಿಟ್ಟೆವು.

ಮುಗಿದ ಪೇಪರ್ ಬಗ್ಗೆ ಮಾತಾಡಬೇಡಿ, ಮುಂದಿನದನ್ನು ಓದಿ ಅಂತ ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ನಾನು ಇದನ್ನು ಆಗಲೂ ಒಪ್ಪುತ್ತಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಮೂರು ಗಂಟೆ ಹೆಣಗಾಡಿದ ಲೆಕ್ಕ ತಲೆಯಲ್ಲಿ ಇನ್ನೂ ಬಿಸಿಯಾಗಿರುತ್ತದೆ. ಎಲ್ಲಿ ಎಡವಿದೆ ಅಂತ ಆಗ ತಿಳಿದರೆ ಜನ್ಮಕ್ಕೂ ಮರೆಯುವುದಿಲ್ಲ. ಆದರೆ ಅವತ್ತು ನಾವು ಮಾಡಿದ್ದು ಅದಲ್ಲ. ಒಬ್ಬೊಬ್ಬರು ಕೊನೆಯ ಸಾಲನ್ನು ಮಾತ್ರ ಕೂಗುತ್ತಿದ್ದೆವು. ಹೊಂದಿದರೆ ಸರಿ, ಹೊಂದದಿದ್ದರೆ ತಪ್ಪು.

ಆರು ಮಾರ್ಕ್ಸಿನ ಒಂದು ಲೆಕ್ಕವಿತ್ತು. ಡಬಲ್ ಇಂಟೆಗ್ರಲ್. ಒಳಗೆ ಸೈನ್ ವೈ ಸ್ಕ್ವೇರ್. ವೈ ಎನ್ನುವುದು ಎಕ್ಸ್‌ನಿಂದ 1ರವರೆಗೆ, ಎಕ್ಸ್ ಎನ್ನುವುದು 0ಯಿಂದ 1ರವರೆಗೆ. ಕೊಟ್ಟ ಹಾಗೇ ಮಾಡಲು ಹೋದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೀರಿ. ಸೈನ್ ವೈ ಸ್ಕ್ವೇರ್‌ನ ಇಂಟೆಗ್ರಲ್ ನಮಗೆ ಗೊತ್ತಿರುವ ಯಾವ ಸಾಮಾನ್ಯ ಫಂಕ್ಷನ್ನಿನಲ್ಲೂ ಸಿಗುವುದಿಲ್ಲ. ಬೆಳಕು ಅಂಚಿನಲ್ಲಿ ಬಾಗುವುದನ್ನು ಲೆಕ್ಕ ಹಾಕಿದ ಫ್ರಾನ್ಸಿನ ಫ್ರೆನೆಲ್ ಹೆಸರು ಅದಕ್ಕಿದೆ. ಹಾಗಾಗಿ ಚಿತ್ರ ಬರೆಯಬೇಕು. ಒಂದು ತ್ರಿಕೋನ ಬರುತ್ತದೆ. ಅದನ್ನು ಅಡ್ಡಡ್ಡಲಾಗಿ ನೋಡಿದರೆ ಎಕ್ಸ್ 0ಯಿಂದ ವೈವರೆಗೆ, ವೈ 0ಯಿಂದ 1ರವರೆಗೆ. ಕ್ರಮ ಬದಲಾಯಿತು. ಈಗ ಒಳಗಿನಿಂದ ಒಂದು ವೈ ಸಿಗುತ್ತದೆ, ಅದು ಸೈನ್ ವೈ ಸ್ಕ್ವೇರ್ ಪಕ್ಕ ಬಂದು ಕೂರುತ್ತದೆ, ವೈ ಸ್ಕ್ವೇರ್ ಅನ್ನು ಟಿ ಅಂದುಕೊಂಡರೆ ಎರಡು ಸಾಲಿನಲ್ಲಿ ಲೆಕ್ಕ ಮುಗಿಯುತ್ತದೆ. ನನಗೆ ಈ ಲೆಕ್ಕ ಕಂಡರೆ ಇವತ್ತಿಗೂ ಖುಷಿ. ಬಾಗಿಲು ತೆರೆಯುತ್ತಿಲ್ಲ ಅಂತ ತಳ್ಳುತ್ತಾ ನಿಂತವನಿಗೆ ಎಳೆದರೆ ತೆರೆಯುತ್ತೆ ಅಂತ ಗೊತ್ತಾದ ಹಾಗೆ.

ನನ್ನ ಉತ್ತರ (1 − ಕಾಸ್ 1) / 2. ಮುಲುಂಡ್‌ನವಳದ್ದೂ ಅದೇ. ಮೇಜಿನ ಸುತ್ತ ಈ ಲೆಕ್ಕ ಮಾಡಿದವರೆಲ್ಲರದ್ದೂ ಅದೇ.

ಕಾರ್ಕಳದವನು ಮೆಲ್ಲಗೆ ಹೇಳಿದ, "ನಂಗೆ ಸೈನ್ ಸ್ಕ್ವೇರ್ ಅರ್ಧ ಬಂತು ಮಾರಾಯ." ಅಂದರೆ 1/2ರ ಸೈನ್, ಅದರ ಸ್ಕ್ವೇರ್.

"ಸೈನ್ ಸ್ಕ್ವೇರಾ? ಸಾಧ್ಯನೇ ಇಲ್ಲ," ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ. ಅಷ್ಟು ಜನ ನನ್ನ ಕಡೆ ಇದ್ದರು, ಬಾಯಿಗೆ ಬಂದುಬಿಟ್ಟಿತು. ಅವನು ಕ್ಯಾಲ್ಕುಲೇಟರ್ ತೆಗೆದ, ನಾನೂ ತೆಗೆದೆ. ನನ್ನದರಲ್ಲಿ 0.2298. ಅವನದರಲ್ಲಿ 0.000076 ಆಗುವಷ್ಟು ಸಣ್ಣ ಸಂಖ್ಯೆ. "ನೋಡು, ಹತ್ತಿರಾನೂ ಇಲ್ಲ," ಅಂದೆ.

ಅವನ ಕ್ಯಾಲ್ಕುಲೇಟರಿನ ಪರದೆಯ ಮೇಲೆ ಸಣ್ಣದೊಂದು 'ಡಿ' ಇದ್ದಿರಲೇಬೇಕು. ಡಿಗ್ರಿ ಮೋಡ್. ಅಂದರೆ ಒತ್ತಿದ ಅರ್ಧವನ್ನು ಕ್ಯಾಲ್ಕುಲೇಟರ್ ಅರ್ಧ ಡಿಗ್ರಿ ಅಂತ ಓದುತ್ತದೆ. ಈ ಲೆಕ್ಕಕ್ಕೆ ಬೇಕಾದದ್ದು ಕೋನದ ಇನ್ನೊಂದು ಅಳತೆ, ರೇಡಿಯನ್. ಹಿಂದಿನ ರಾತ್ರಿ ಫಿಸಿಕ್ಸ್ ಲೆಕ್ಕ ಮಾಡಿದವನು ರೇಡಿಯನ್‌ಗೆ ಬದಲಿಸಿರಲಿಲ್ಲ. ಪೇಪರಿನಲ್ಲಿ ಉತ್ತರವನ್ನು ಹಾಗೇ ಬಿಡಬಹುದಿತ್ತು, ಹಾಗಾಗಿ ಅಲ್ಲಿ ಅದು ಬೇಕಾಗಿರಲಿಲ್ಲ. ನಾನು ಆ ಅಕ್ಷರವನ್ನು ನೋಡಲಿಲ್ಲ. ಯಾರೂ ನೋಡಲಿಲ್ಲ.

ಅವನು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಮಾರ್ಕ್ಸ್ ಬರೆದು ಕೂಡಿಸಿಟ್ಟಿದ್ದ. 36. ಅದರಲ್ಲಿ ಆರನ್ನು ಹೊಡೆದುಹಾಕಿದ. 30. ಪೆನ್ನಿಗೆ ಮುಚ್ಚಳ ಹಾಕಿ ಜೇಬಿನಲ್ಲಿಟ್ಟ. ಇಡ್ಲಿ ಅರ್ಧಕ್ಕೆ ಬಿಟ್ಟು, "ನಾ ಹೊರಡ್ತೇನೆ" ಅಂದ. ಕಿಂಗ್ಸ್ ಸರ್ಕಲ್ ಸ್ಟೇಷನ್ ಕಡೆ ನಡೆದು ಹೋದ, ಹಾರ್ಬರ್ ಲೈನ್ ಹಿಡಿಯಲು. ನಾವು ಮುಂದಿನ ಲೆಕ್ಕಕ್ಕೆ ಹೋದೆವು.

ನಾನು ಮಾಟುಂಗಾದಲ್ಲಿ ಸ್ಲೋ ಲೋಕಲ್ ಹತ್ತಿದೆ. ಘಾಟ್ಕೋಪರ್ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ಸುಮ್ನೆ ಪ್ರಶ್ನೆಪತ್ರಿಕೆ ಬಿಡಿಸಿದೆ. ಅವನಿಗೆ ಸೈನ್ ಸ್ಕ್ವೇರ್ ಎಲ್ಲಿಂದ ಬಂತು ಅಂತ ಆಗ ಮೊದಲ ಸಲ ಕೇಳಿಕೊಂಡೆ. ಹನ್ನೆರಡನೇ ಕ್ಲಾಸಿನ ಒಂದು ಲೆಕ್ಕ ನೆನಪಾಯಿತು. ಸೈನ್ ಎಕ್ಸ್ ಗುಣಿಸು ಕಾಸ್ ಎಕ್ಸ್. ಅದನ್ನು ಇಂಟೆಗ್ರೇಟ್ ಮಾಡಿದರೆ ಒಬ್ಬರಿಗೆ ಸೈನ್ ಸ್ಕ್ವೇರ್‌ನ ಅರ್ಧ ಬರುತ್ತದೆ, ಇನ್ನೊಬ್ಬರಿಗೆ ಮೈನಸ್ ಕಾಸ್ ಸ್ಕ್ವೇರ್‌ನ ಅರ್ಧ. ಎರಡೂ ಸರಿ. ವ್ಯತ್ಯಾಸ ಬರೀ ಅರ್ಧ, ಅದನ್ನು ಕೊನೆಯ ಪ್ಲಸ್ ಸಿ ನುಂಗಿಕೊಳ್ಳುತ್ತದೆ. ನಮ್ಮ ಲೆಕ್ಕದಲ್ಲಿ ಸಿ ಇಲ್ಲ, ಆದರೆ ಸೈನ್ ಮತ್ತು ಕಾಸ್ ಹೀಗೇ ವೇಷ ಬದಲಿಸುತ್ತವೆ ಅಲ್ವಾ? 1 − ಕಾಸ್ ಥೀಟಾ ಅಂದರೆ 2 ಸೈನ್ ಸ್ಕ್ವೇರ್ (ಥೀಟಾ / 2). ಹನ್ನೊಂದನೇ ಕ್ಲಾಸಿನ ಸೂತ್ರ. ಥೀಟಾ ಇದ್ದಲ್ಲಿ 1 ಹಾಕಿದೆ. ಎರಡರಿಂದ ಭಾಗಿಸಿದೆ.

ಸೈನ್ ಸ್ಕ್ವೇರ್ ಅರ್ಧ.

ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. 0.2298. ಅವನು ನಮ್ಮೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಉತ್ತರವನ್ನು ಚೊಕ್ಕ ಮಾಡಿದ್ದ, ಅಷ್ಟೇ.

ಫೋನ್ ಮಾಡಿದೆ. ಸ್ವಿಚ್ ಆಫ್. ಪರೀಕ್ಷೆಗೆ ಆಫ್ ಮಾಡಿದ್ದನ್ನು ಅವನು ಮತ್ತೆ ಆನ್ ಮಾಡಿರಲಿಲ್ಲ. ಠಾಣೆಯಲ್ಲಿ ಇಳಿದು ವಾಪಸ್ ಹೋಗಲಾ ಅಂತ ಒಂದು ಕ್ಷಣ ಅನಿಸಿತು. ಇಳಿಯಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮೇಜಿನ ಹತ್ತಿರ ಆಡಿದ ಮಾತಿಗಿಂತ ಈ ಇಳಿಯದೆ ಕೂತದ್ದೇ ನನ್ನನ್ನು ಜಾಸ್ತಿ ಕಾಡುತ್ತದೆ.

ರಾತ್ರಿ ಅಪ್ಪನಿಗೆ ಹೇಳಿದೆ. ಅಪ್ಪ ಹುಡುಗನಾಗಿದ್ದಾಗ ಫೋರ್ಟಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಾ ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದವರು. ಹಗಲೆಲ್ಲ ಗಲ್ಲಿಗಲ್ಲಿಯ ಹೋಟೆಲಿನಲ್ಲಿ ದುಡಿದ ಹುಡುಗರು ಕೈ ತೊಳೆದುಕೊಂಡು ಬಂದು ಬೆಂಚಿನಲ್ಲಿ ಕೂರುತ್ತಿದ್ದ ಶಾಲೆಗಳು ಅವು. ಅಪ್ಪನಿಗೆ ಕ್ಯಾಲ್ಕುಲಸ್ ಗೊತ್ತಿಲ್ಲ. ಎಲ್ಲ ಕೇಳಿ, "ಅವನು ಈಗ ಓದ್ತಾ ಇರ್ತಾನಾ?" ಅಂದರು. ನಾಡಿದ್ದು ಫಿಸಿಕ್ಸ್ ಇತ್ತು. ನಾನು ಸುಮ್ಮನಿದ್ದೆ. "ಫೋನ್ ಕಾಯಬೇಡ. ಬೆಳಿಗ್ಗೆ ಮೊದಲ ಗಾಡಿಗೆ ಹೋಗು."

ದಾದರಿನಲ್ಲಿ ಬದಲಿಸಿ ಅಂಧೇರಿ ತಲುಪಿದಾಗ ಇನ್ನೂ ಏಳು ಆಗಿರಲಿಲ್ಲ. ಬಾಗಿಲು ತೆರೆದದ್ದು ಅವನ ಅತ್ತೆ. "ಬಾ ಮಗಾ. ನಿನ್ನೆಯಿಂದ ಸರಿ ಊಟ ಮಾಡ್ಲಿಲ್ಲ ಅವ. ಎಂತ ಆಯ್ತು?" ಅಂದರು. ಅವನು ಗೋಡೆ ಕಡೆ ತಿರುಗಿ ಮಲಗಿದ್ದ. ಫಿಸಿಕ್ಸ್ ಪುಸ್ತಕ ಚೀಲದಿಂದ ಹೊರಗೇ ಬಂದಿರಲಿಲ್ಲ.

ನಾನು ನೆಲದ ಮೇಲೆ ಕೂತು ತ್ರಿಕೋನದಿಂದ ಶುರುಮಾಡಿ ಎಲ್ಲವನ್ನೂ ಬರೆದು ತೋರಿಸಿದೆ. ಅವನ ಕ್ಯಾಲ್ಕುಲೇಟರ್ ತಂದು ಮೋಡ್ ಬದಲಿಸಿದೆ. ಅವನು ಸಂಖ್ಯೆಯನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಕೇಳಿದ, "ಮತ್ತೆ ಸಾಧ್ಯವೇ ಇಲ್ಲ ಅಂತ ಯಾಕೆ ಹೇಳಿದ್ದು ನೀನು?"

ಸಿಟ್ಟಿನಲ್ಲಿ ಕೇಳಲಿಲ್ಲ. ನಿಜವಾಗಿ ತಿಳಿಯಲು ಕೇಳಿದ. ತಪ್ಪಾಯ್ತು ಅಂದೆ. ಅದನ್ನು ಬಿಟ್ಟು ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಅತ್ತೆ ನೀರುದೋಸೆ ಹಾಕಿದರು. ಸಂಜೆವರೆಗೆ ಅಲ್ಲೇ ಕೂತು ಇಬ್ಬರೂ ಫಿಸಿಕ್ಸ್ ಓದಿದೆವು. ಡಿಫ್ರಾಕ್ಷನ್ ಪಾಠದಲ್ಲಿ ಬೆಳಕಿನ ತೀವ್ರತೆಯ ಸೂತ್ರದಲ್ಲೂ ಸೈನ್ ಸ್ಕ್ವೇರ್ ಬಂತು. ಅವನು ಅದರ ಕೆಳಗೆ ಗೆರೆ ಎಳೆದ. ಏನೂ ಹೇಳಲಿಲ್ಲ.

ರಿಸಲ್ಟ್ ಬಂದಾಗ ಎಮ್-ಟು ಪಾಸಾಗಿತ್ತು. ಫಿಸಿಕ್ಸಿನಲ್ಲಿ ಕೇಟಿ. ಆ ಪೇಪರೂ ಸುಲಭವಿರಲಿಲ್ಲ, ನಿನ್ನಿಂದ ಅಂತ ಅವನು ಒಂದು ಸಲವೂ ಹೇಳಲಿಲ್ಲ. ಆದರೂ ಹಾಳಾದ ಆ ಒಂದು ಸಂಜೆ, ಒಂದು ರಾತ್ರಿಯ ಲೆಕ್ಕ ನನಗೆ ಗೊತ್ತಿದೆ.

ಡಿಸೆಂಬರಿನಲ್ಲಿ ಅವನು ಫಿಸಿಕ್ಸ್ ಮತ್ತೆ ಬರೆದ ದಿನ ನಾನು ಗೇಟಿನ ಹತ್ತಿರ ಕಾದಿದ್ದೆ. ಅದೇ ಹೋಟೆಲಿಗೆ ಹೋದೆವು. ಪ್ರಶ್ನೆಪತ್ರಿಕೆಯನ್ನು ಅವನೇ ಬಿಡಿಸಿ ಮೇಜಿನ ಮೇಲಿಟ್ಟ. "ಈ ಲೆಕ್ಕ ಹೇಗೆ ಮಾಡಿದೆ? ಮೊದಲಿಂದ ಹೇಳು," ಅಂದೆ. ಅವನು ಕ್ಯಾಲ್ಕುಲೇಟರ್ ತೆಗೆದು ಪರದೆಯನ್ನು ನನ್ನ ಕಡೆ ತಿರುಗಿಸಿದ. "ಡಿಗ್ರಿಯಲ್ಲೇ ಉಂಟು. ಇದಕ್ಕೆ ಡಿಗ್ರಿಯೇ ಬೇಕು," ಅಂದ. ಆಮೇಲೆ ಪೆನ್ನು ತೆಗೆದು ಚಿತ್ರ ಬರೆಯಲು ಶುರುಮಾಡಿದ. ನಾನು ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟೆ.