ಗೊತ್ತಿದ್ದನ್ನು ನಮ್ಮವರು ಯಾಕೆ ಬರೆದಿಡಲಿಲ್ಲ

ನಮ್ಮ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಪಂಪಿನ ಮೇಲೆ ಕೈ ಇಟ್ಟೇ ಬೇರಿಂಗ್ ಸವೆದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಅವರ ರಿಟೈರ್‌ಮೆಂಟಿಗೆ ಆರು ತಿಂಗಳು ಇದ್ದಾಗ, ಅವರಿಗೆ ಗೊತ್ತಿರುವುದನ್ನೆಲ್ಲ ಕಂಪ್ಯೂಟರಿಗೆ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರ್ ಬಂತು, ತರಬೇತಿಯೂ ಆಯ್ತು. ಮೂರು ತಿಂಗಳ ಮೇಲೆ ತೆಗೆದು ನೋಡಿದರೆ ಮ್ಯಾನ್ಯುಯಲ್‌ನಲ್ಲಿ ಮೊದಲೇ ಇದ್ದ ಮಾತುಗಳೇ ತುಂಬಿದ್ದವು.

ಅವರನ್ನೇ ಕೇಳಿದೆ. "ಸರ್, ಆ ಗೇರ್‌ಬಾಕ್ಸ್ ವಿಷಯ ಬರೆಯಬೇಕು ಅಂದ್ರೆ ಹೋದ ವರ್ಷ ನಾವು ಅದನ್ನ ತಪ್ಪಾಗಿ ಜೋಡಿಸಿದ್ದೂ ಬರೆಯಬೇಕು. ಸೋಮವಾರದ ಮೀಟಿಂಗಲ್ಲಿ ಉತ್ತರ ಕೊಡೋರು ಯಾರು?" ಅಂದರು.

ಆ ಮೀಟಿಂಗಿನಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಇದು ಯಾರು ಮಾಡಿದ್ದು?" ಕೇಳುತ್ತಿದ್ದವನು ನಾನೇ.

ಬೌದ್ಧಿಕ ಬಂಡವಾಳ, ಅಂದರೆ ಜನರಿಗೆ ಗೊತ್ತಿರುವುದೂ ಕಂಪನಿಯ ಆಸ್ತಿಯೇ ಅನ್ನೋ ಮಾತನ್ನು ಕಂಪನಿಗಳು ತಲೆಗೆ ಹಚ್ಚಿಕೊಂಡಿದ್ದು 1990ರ ದಶಕದಲ್ಲಿ. ಸ್ವೀಡನ್ನಿನ ವಿಮಾ ಕಂಪನಿ ಸ್ಕಾಂಡಿಯಾ 1991ರಲ್ಲಿ ಇದಕ್ಕೆಂದೇ ಲೀಫ್ ಎಡ್ವಿನ್ಸನ್ ಅವರನ್ನು ನೇಮಿಸಿತು. ಅವರ ಲೆಕ್ಕ ಸರಳ. ಸಂಜೆ ಜನರ ತಲೆಯಲ್ಲಿ ಮನೆಗೆ ಹೋಗುವುದು ಒಂದು ಬಗೆ, ಎಲ್ಲರೂ ಹೋದ ಮೇಲೂ ಆಫೀಸಿನಲ್ಲಿ ಉಳಿಯುವುದು ಇನ್ನೊಂದು. ಮೊದಲನೆಯದು ಎರಡನೆಯದಾಗಬೇಕಾದರೆ ಆ ಮನುಷ್ಯನಿಗೆ ಮನಸ್ಸು ಬರಬೇಕು, ಅಲ್ವಾ? ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನ ಆಗ ಓದಿದೆ. ಒಳ್ಳೆಯ ತಂಡಗಳ ಲೆಕ್ಕದಲ್ಲೇ ಔಷಧಿಯ ತಪ್ಪುಗಳು ಜಾಸ್ತಿ ಕಂಡಿದ್ದವು. ಅಲ್ಲಿನ ನರ್ಸ್‌ಗಳು ಹೆದರದೆ ಹೇಳುತ್ತಿದ್ದದ್ದು ಅದಕ್ಕೆ ಕಾರಣ ಅನ್ನುವುದು ಅವರ ವಿವರಣೆ. ನಮ್ಮ ವಿಭಾಗದಲ್ಲಿ ತಪ್ಪುಗಳ ದಾಖಲೆ ಹೆಚ್ಚುಕಮ್ಮಿ ಖಾಲಿ. ಅದನ್ನು ನೋಡಿ ನಾನು ಖುಷಿಪಟ್ಟಿದ್ದೆ.

ಕೆಲಸದ ಜಾಗದ ಸಂಸ್ಕೃತಿ ಅನ್ನುವುದು ವರ್ಷಗಟ್ಟಲೆ ಹೆಪ್ಪುಗಟ್ಟಿದ ಅಭ್ಯಾಸ, ಒಬ್ಬನ ಕೈಯಲ್ಲಿ ಬದಲಾಗುವುದು ಕಷ್ಟ. ವಾತಾವರಣ ಹಾಗಲ್ಲ. ಇವತ್ತು ಬಾಯಿ ಬಿಟ್ಟರೆ ಏನಾದೀತು ಅಂತ ಜನರಿಗೆ ಅನಿಸುತ್ತದಲ್ಲ, ಅದೇ ವಾತಾವರಣ. ಅಲ್ಲಿಂದ ಶುರು ಮಾಡಿದೆ. ಮುಂದಿನ ಸೋಮವಾರ, ನಾನು ತಪ್ಪು ಗ್ರೇಡಿನ ಗ್ರೀಸ್ ತರಿಸಿ ಮೋಟಾರು ಕೆಡಿಸಿದ್ದನ್ನು ಎಲ್ಲರೆದುರು ಹೇಳಿದೆ. ಯಾರೂ ಮಾತಾಡಲಿಲ್ಲ. ಆಮೇಲಿನ ಎರಡು ವಾರವೂ ಅಷ್ಟೇ. ಮೂರನೇ ವಾರ ಒಬ್ಬ ಹುಡುಗ ತಾನು ಸೀಲ್ ತಿರುಗುಮುರುಗಾಗಿ ಕೂರಿಸಿದ್ದನ್ನು ಹೇಳಿದ. "ಹೇಗೆ ಗೊತ್ತಾಯ್ತು?" ಅಂತಷ್ಟೇ ಕೇಳಿದೆ.

ಫಾರಂ ತುಂಬಿಸುವುದನ್ನೂ ನಿಲ್ಲಿಸಿದೆ. ಹಿರಿಯರು ಕೆಲಸ ಮಾಡುತ್ತಾ ಹೇಳುವುದನ್ನು ಜೊತೆಗಿದ್ದ ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡ. ಜೆರಾಕ್ಸ್ ಕಂಪನಿಯ ರಿಪೇರಿಯವರು ತಮ್ಮ ಸಲಹೆಗಳನ್ನು ಹಂಚಿಕೊಳ್ಳುತ್ತಿದ್ದ ಯುರೇಕಾ ವ್ಯವಸ್ಥೆಯಲ್ಲಿ ಪ್ರತಿ ಸಲಹೆಯ ಜೊತೆ ಅದನ್ನು ಕೊಟ್ಟವರ ಹೆಸರಿರುತ್ತಿತ್ತು. ನಾವೂ ಹಾಗೇ ಮಾಡಿದೆವು. ಸುಮ್ನೆ ಒಂದು ಹೆಸರು ಅನ್ನಿಸಬಹುದು, ಆದರೆ ಅವರಿಗೆ ಅದು ದೊಡ್ಡದು.

ಕೊನೆಯ ವಾರ ಆ ಹಿರಿಯ ಫಿಟ್ಟರ್ ಗೇರ್‌ಬಾಕ್ಸ್ ವಿಷಯವನ್ನು ತಾವೇ ಬರೆದರು. "ಹೋದ ವರ್ಷ ಒಂದು ಶಿಮ್ (ಸಂದು ತುಂಬುವ ತೆಳು ಲೋಹದ ಹಾಳೆ) ಕಡಿಮೆ ಹಾಕಿದ್ದೆವು" ಅಂತ ಮೊದಲ ಸಾಲಲ್ಲೇ ಇದೆ, ಕೆಳಗೆ ಅವರ ಹೆಸರಿದೆ. ಪಕ್ಕದ ವಿಭಾಗದಲ್ಲೂ ಅದೇ ಸಾಫ್ಟ್‌ವೇರ್ ಇದೆ. ಅಲ್ಲಿ ಈಗಲೂ ಮೀಟಿಂಗ್ "ಯಾರು ಮಾಡಿದ್ದು" ಅಂತಲೇ ಶುರುವಾಗುತ್ತದೆ, ಅವರ ಪುಟಗಳು ಇನ್ನೂ ಖಾಲಿ ಇವೆ.