ಕಸ್ತಾನ್ಯೊನ ಗುರಾಣಿ: ಕಾಲು ಮುಗೀತು, ಇನ್ನು ಗೊಲ್ಯಾತನ ತಲೆ

ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಉರುಳಿಸಿದ ಬೈಬಲಿನ ಹುಡುಗ ದಾವೀದನ ಚಿತ್ರವಿರುವ ಹಳೆಯ ಗುರಾಣಿಯೊಂದನ್ನು ಅರ್ಧ ಅಳತೆಯಲ್ಲಿ ನಕಲು ಮಾಡುತ್ತಿದ್ದೇನೆ. ಅವನ ಎರಡೂ ಕಾಲು ಈ ವಾರ ಮುಗಿದವು. ಮೂಲ ಇರುವುದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಫ್ಲಾರೆನ್ಸಿನ ಆಂದ್ರೆಯಾ ದೆಲ್ ಕಸ್ತಾನ್ಯೊ 1450ರ ದಶಕದಲ್ಲಿ ಬರೆದದ್ದು. ಮರಕ್ಕೆ ತೊಗಲು ಹೊದಿಸಿ ಅದರ ಮೇಲೆ ಟೆಂಪೆರಾ ಬಣ್ಣ. ಎತ್ತರ ಸುಮಾರು 115 ಸೆಂ.ಮೀ., ಅಗಲ ಮೇಲೆ 76, ಕೆಳಗೆ ಬರೀ 41. ಕಾದಾಟಕ್ಕಲ್ಲ, ಮೆರವಣಿಗೆಗೆ ಮಾಡಿಸಿದ ಗುರಾಣಿ ಇರಬೇಕು ಅನ್ನುತ್ತಾರೆ.

ನನ್ನದು ಪ್ಲೈವುಡ್. ಟೆಂಪೆರಾ ಅಂದರೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ, ಕುಂಚ ಎತ್ತುವುದರೊಳಗೆ ಒಣಗುತ್ತದೆ, ಎಣ್ಣೆಬಣ್ಣದ ಹಾಗೆ ತೀಡಿ ಬೆರೆಸಲು ಬಿಡುವುದಿಲ್ಲ. ಮೊಣಕಾಲಿನ ನೆರಳಿಗೆ ಕೂದಲೆಳೆಯಂಥ ಗೆರೆಗಳನ್ನು ಒಂದರ ಪಕ್ಕ ಒಂದು ಎಳೆಯುತ್ತ ಹೋಗಬೇಕು. ಕತ್ತು ಹಿಡಿದುಕೊಳ್ಳುತ್ತದೆ.

ಈ ಗೆರೆ ಎಳೆಯುವಾಗಲೇ ಚಿತ್ರದ ವಿಚಿತ್ರ ತಲೆಗೆ ಹತ್ತಿದ್ದು. ದಾವೀದ ಇನ್ನೂ ಕವಣೆ ಬೀಸುವ ಭಂಗಿಯಲ್ಲಿದ್ದಾನೆ: ಒಂದು ಕೈ ಮೇಲೆ ಚಾಚಿದೆ, ಇನ್ನೊಂದರಲ್ಲಿ ಕವಣೆ, ಬಟ್ಟೆ ಕೂದಲೆಲ್ಲ ಗಾಳಿಗೆ. ಆದರೆ ಕಾಲಡಿಯಲ್ಲಿ ಗೊಲ್ಯಾತನ ತಲೆ ಆಗಲೇ ಬಿದ್ದಿದೆ, ಹಣೆಯಲ್ಲಿ ಕಲ್ಲು ನೆಟ್ಟುಕೊಂಡು! ಡೊನಾಟೆಲ್ಲೊ ಗೆದ್ದ ಮೇಲಿನ ದಾವೀದನನ್ನು ಕಡೆದ, ಮೈಕೆಲ್ಯಾಂಜೆಲೊ ಹೊಡೆಯುವ ಮುಂಚಿನವನನ್ನು. ಕಸ್ತಾನ್ಯೊ ಎರಡನ್ನೂ ಒಂದೇ ಚೌಕಟ್ಟಿಗೆ ತುರುಕಿದ್ದಾನೆ. ಕೆಳಗೆ ಕಿರಿದಾಗುವ ಆಕಾರ ಅವನಿಗೆ ಅನುಕೂಲವೇ ಆಗಿದೆ. ಮೇಲಿನ ಅಗಲವೆಲ್ಲ ಕೈ ಬೀಸಲು, ಕೆಳಗಿನ ಇಕ್ಕಟ್ಟು ತಲೆಗೆ.

ಈ ಕಥೆ ಬರುವ ಬೈಬಲಿನ ಅಧ್ಯಾಯವನ್ನು (1 ಸಮುವೇಲ 17) ಮತ್ತೆ ಓದಿದೆ. ರಾಜ ಸೌಲ ತೊಡಿಸಿದ ಕವಚ, ಶಿರಸ್ತ್ರಾಣ ಅಭ್ಯಾಸವಿಲ್ಲವೆಂದು ದಾವೀದ ತೆಗೆದಿಡುತ್ತಾನೆ. ಹಳ್ಳದಿಂದ ನುಣುಪಾದ ಐದು ಕಲ್ಲು ಆರಿಸಿಕೊಳ್ಳುತ್ತಾನೆ. ಗುರಾಣಿ ಬರುವುದು ಎದುರಾಳಿಯ ಕಡೆ, ಗೊಲ್ಯಾತನ ಮುಂದೆ ಅದನ್ನು ಹೊತ್ತು ನಡೆಯಲು ಒಬ್ಬ ಆಳು ಬೇರೆ. ಅಂಥ ಹುಡುಗನನ್ನು ಗುರಾಣಿಯ ಮೇಲೇ ಬರೆಸಿದವನು ಇದನ್ನು ಯೋಚಿಸಿದ್ದನೋ ಇಲ್ಲವೋ. ನನಗಂತೂ ಇದು ಭಕ್ತಿಚಿತ್ರಕ್ಕಿಂತ ಹೆಚ್ಚಾಗಿ ಎದುರು ನಿಂತವನಿಗೆ ಕೊಟ್ಟ ಎಚ್ಚರಿಕೆ ಅನ್ನಿಸುತ್ತದೆ: ಕಲ್ಲು ಇನ್ನೂ ಹೊರಟಿಲ್ಲ, ನಿನ್ನ ಗತಿ ಮಾತ್ರ ಕೆಳಗೆ ಬರೆದಾಗಿದೆ. ದಾವೀದನನ್ನು ತಮ್ಮ ಗಣರಾಜ್ಯದ ಗುರುತಾಗಿ ಮಾಡಿಕೊಂಡಿದ್ದ ಫ್ಲಾರೆನ್ಸಿಗೆ ಈ ಧಾಟಿ ಒಪ್ಪುತ್ತದೆ.

(ಕಸ್ತಾನ್ಯೊ ಇನ್ನೊಬ್ಬ ಚಿತ್ರಕಾರ ದೊಮೆನಿಕೊ ವೆನೆತ್ಸಿಯಾನೊನನ್ನು ಕೊಂದನೆಂದು ಕಲಾವಿದರ ಚರಿತ್ರೆ ಬರೆದ ವಸಾರಿ ಬರೆದಿಟ್ಟಿದ್ದಾನೆ. ಕಸ್ತಾನ್ಯೊ ಪ್ಲೇಗಿನಿಂದ ಸತ್ತದ್ದು 1457ರಲ್ಲಿ, ದೊಮೆನಿಕೊ 1461ರಲ್ಲಿ. ಪಾಪ!)

ಮುಂದಿನ ಕೆಲಸ ತಲೆಯದು. ಚರ್ಮದ ಬಣ್ಣದಡಿಗೆ ಹಸಿರು ಮಣ್ಣಿನ ಲೇಪ ಕೊಡುವುದು ಆ ಕಾಲದ ಇಟಲಿಯ ರೂಢಿ. ದಾವೀದನ ಕಾಲಲ್ಲಿ ಅದನ್ನು ಪೂರ್ತಿ ಮುಚ್ಚಿದ್ದೇನೆ. ಗೊಲ್ಯಾತನ ಕೆನ್ನೆಯಲ್ಲಿ ಸ್ವಲ್ಪ ಇಣುಕಲು ಬಿಡುವ ಯೋಚನೆ ಇದೆ. ಆಕಾಶ ಕೊನೆಗೆ.